ರೈತನ ಮೈಬಲಕ್ಕೆ ಮನೆಯ ಸಾಮು



ಕಬ್ಬಿನ ತಳಿ, ಗೊಬ್ಬರ, ನೀರು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಮೇಲಿಂದ ಮೇಲೆ ಬರೆಯುತ್ತೇವೆ. ಆ ಕಬ್ಬನ್ನು ಬೆಳೆಯುವ ಮೈಯ ಬಗ್ಗೆಯೂ ನಾಲ್ಕು ಮಾತು ಹೇಳುವುದು ಅವಶ್ಯ. ಹೊಲದಲ್ಲಿ ದುಡಿಯುವವನಿಗೆ ಮತ್ತೇಕೆ ಸಾಮು ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಉತ್ತರ ಇಂದಿನ ಒಕ್ಕಲುತನದಲ್ಲಿಯೇ ಇದೆ.

ದುಡಿಮೆ ಬೇರೆ, ಸಾಮು ಬೇರೆ

ಇಂದು ಬಹಳ ಕಡೆ ನೇಗಿಲ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ. ನೀರನ್ನು ಹನಿ ನೀರಾವರಿಯ ಕೊಳವೆ ಹಾಯಿಸುತ್ತದೆ. ಕಬ್ಬನ್ನು ಗ್ಯಾಂಗಿನವರು ಕಡಿಯುತ್ತಾರೆ. ಬೆಳೆಗಾರನ ಪಾಲಿಗೆ ಉಳಿಯುವ ಭಾರದ ಕೆಲಸ ವರ್ಷದಲ್ಲಿ ಕೆಲವೇ ದಿನ ಬರುತ್ತದೆ, ಆದರೆ ಒಮ್ಮೆಲೇ ಬರುತ್ತದೆ. ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ; ಡಿ.ಎ.ಪಿ. ಚೀಲ 50 ಕಿಲೋ. ಎರಡು ತಿಂಗಳು ಭಾರ ಕಾಣದ ಬೆನ್ನು ಒಂದೇ ಮುಂಜಾನೆ ಇಂಥ ಇಪ್ಪತ್ತು ಚೀಲ ಹೊತ್ತರೆ ನಡ ಹಿಡಿಯುವುದು ಆಶ್ಚರ್ಯವಲ್ಲ. ನಡ ಹಿಡಿದವನ ಹೊಲದಲ್ಲಿ ಗೊಬ್ಬರದ ಹದ ತಪ್ಪುತ್ತದೆ, ಮಣ್ಣು ಏರಿಸುವುದು ತಡವಾಗುತ್ತದೆ, ಆಳಿನ ಖರ್ಚು ಏರುತ್ತದೆ.

ವಯಸ್ಸಿನ ಮಾತೂ ಇದೆ. ಸುಮಾರು ಮೂವತ್ತು ವರ್ಷ ದಾಟಿದ ಮೇಲೆ, ಸಾಮು ಇಲ್ಲದ ಮೈಯಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ. ಅರವತ್ತರ ನಂತರ ಈ ಇಳಿತ ಇನ್ನೂ ತೀವ್ರ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲುಬೂ ಬೇಗ ಸವೆಯುತ್ತದೆ. ಸಮಾಧಾನದ ಸಂಗತಿ ಎಂದರೆ, ಯಾವ ವಯಸ್ಸಿನಲ್ಲಿ ಆರಂಭಿಸಿದರೂ ಸಾಮಿನಿಂದ ಬಲ ಮರಳಿ ಬರುತ್ತದೆ.

ಎಷ್ಟು ಸಾಮು ಬೇಕು?

ಕಬ್ಬಿಗೆ ಇಡೀ ವರ್ಷದ ಸಾರಜನಕವನ್ನು ಒಂದೇ ಸಲ ಸುರಿಯುವುದಿಲ್ಲ, ಕಂತುಗಳಲ್ಲಿ ಕೊಡುತ್ತೇವೆ. ಮೈಗೂ ಅದೇ ನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ, ದೊಡ್ಡವರು ವಾರಕ್ಕೆ ಕನಿಷ್ಠ ಎರಡು ದಿನ ಮೈಯ ಎಲ್ಲ ಮುಖ್ಯ ಖಂಡಗಳಿಗೆ ಬಲದ ಸಾಮು ಕೊಡಬೇಕು. 65 ದಾಟಿದವರು ಬೀಳದಂತೆ ತೋಲ ಕಾಯುವ ಸಾಮನ್ನೂ ಸೇರಿಸಿ ವಾರಕ್ಕೆ ಮೂರು ದಿನ ಮಾಡಬೇಕು.

ನಮ್ಮ ಸೀಮೆಗೆ ಇದು ಹೊಸದಲ್ಲ. ತಾಲೀಮಿನ ಕೆಂಪು ಮಣ್ಣು, ದಂಡ, ಬಸ್ಕಿ ನಮ್ಮ ಹಿರಿಯರಿಗೆ ಗೊತ್ತಿದ್ದವು. ಔಂಧ ಸಂಸ್ಥಾನದ ರಾಜರಾಗಿದ್ದ ಭವಾನರಾವ್ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ತಮ್ಮ ಸಂಸ್ಥಾನದ ಶಾಲೆಗಳಲ್ಲಿ ರೂಢಿಗೆ ತಂದರು. ಇವುಗಳಿಗೆ ಯಂತ್ರವೂ ಬೇಡ, ಹಣವೂ ಬೇಡ.

ನಾಲ್ಕು ಸಾಮು

1. ಬಸ್ಕಿ: ಆರಂಭದಲ್ಲಿ ಹೊರಸಿನ ಮೇಲೆ ಕುಳಿತು, ಕೈ ಊರದೆ ಏಳಿರಿ. ಇದು ಸುಲಭವಾದ ಮೇಲೆ ಹೊರಸು ಬಿಟ್ಟು ಬಸ್ಕಿ ಹೊಡೆಯಿರಿ. ತೊಡೆ ಮತ್ತು ಮೊಣಕಾಲಿಗೆ ಬಲ.

2. ದಂಡ: ಮೊದಲು ಗೋಡೆಗೆ ಕೈ ಕೊಟ್ಟು, ಮುಂದೆ ಕಟ್ಟೆಗೆ ಕೈ ಕೊಟ್ಟು, ಕೊನೆಗೆ ನೆಲದ ಮೇಲೆ. ಎದೆ, ಹೆಗಲು, ರಟ್ಟೆಗೆ ಬಲ.

3. ಬಕೆಟ್ ಎತ್ತುವುದು: ಹತ್ತು ಲೀಟರ್ ನೀರು ಎಂದರೆ ಹತ್ತು ಕಿಲೋ. ಐದು ಲೀಟರಿನಿಂದ ಆರಂಭಿಸಿರಿ. ಬೆನ್ನು ನೇರವಾಗಿಟ್ಟು, ಮೊಣಕಾಲು ಮಡಿಚಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಿರಿ. ಬಳಿಕ ಎರಡು ಕೈಯಲ್ಲೂ ಒಂದೊಂದು ಬಕೆಟ್ ಹಿಡಿದು ಅಂಗಳದಲ್ಲಿ ನಡೆಯಿರಿ. ಗೊಬ್ಬರದ ಚೀಲ ಎತ್ತುವ ಸರಿಯಾದ ರೀತಿಯೂ ಇದೇ.

4. ಹಿಮ್ಮಡಿ ಎತ್ತುವುದು: ಬಾಗಿಲ ಚೌಕಟ್ಟು ಹಿಡಿದು ತುದಿಗಾಲಲ್ಲಿ ನಿಂತು ಇಳಿಯಿರಿ. ನಂತರ ಹಿಡಿದುಕೊಂಡೇ ಒಂಟಿಗಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿರಿ. ವಯಸ್ಸಾದವರಿಗೆ ಇದು ಬಹಳ ಮುಖ್ಯ.

ಮೊದಲ ಎರಡು ವಾರ ಪ್ರತಿಯೊಂದನ್ನು ಎಂಟೆಂಟು ಸಲ, ಎರಡು ಸುತ್ತು ಮಾಡಿದರೆ ಸಾಕು. ಆಮೇಲೆ ಎಣಿಕೆಯನ್ನಾಗಲಿ ಭಾರವನ್ನಾಗಲಿ ಸ್ವಲ್ಪ ಸ್ವಲ್ಪವೇ ಏರಿಸಿರಿ. ಇಷ್ಟಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ಖಂಡ ಬೆಳೆದಂತೆ ಕಾಣದು. ನರ ಮತ್ತು ಖಂಡ ಹೊಂದಿಕೊಂಡು ಕೆಲಸ ಮಾಡಲು ಕಲಿಯುವ ಕಾಲ ಅದು. ಏನೂ ಆಗಲಿಲ್ಲವೆಂದು ಬಿಡಬೇಡಿರಿ.

ರೂಢಿಯಾಗುವುದು ಹೇಗೆ?

ಸಾಮು ಕಲಿಯುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ ಎಂಟು ತಿಂಗಳೂ ಬೇಕಾಗುವಂತಿತ್ತು. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡಲಿಲ್ಲ ಎಂಬುದೂ ಅದರಲ್ಲಿ ಕಂಡುಬಂತು.

ಆದಕಾರಣ ಸಾಮಿಗೆಂದು ಬೇರೆ ಹೊತ್ತು ಹುಡುಕಬೇಡಿರಿ. ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಅದನ್ನು ಗಂಟುಹಾಕಿರಿ. ಮೋಟಾರು ಚಾಲೂ ಮಾಡುವ ಹೊತ್ತು ಇದಕ್ಕೆ ತಕ್ಕದ್ದಲ್ಲ. ವಿದ್ಯುತ್ತಿನ ಪಾಳಿ ಹಗಲಿಗೂ ರಾತ್ರಿಗೂ ಬದಲಾದರೆ ಸಾಮೂ ತಪ್ಪುತ್ತದೆ. ಎಮ್ಮೆ ಹಿಂಡುವ ಹೊತ್ತು ಬದಲಾಗದು. ಹಾಲು ಹಿಂಡಿ ಚರಿಗೆ ಒಳಗಿಟ್ಟ ಕೂಡಲೇ ಸೋಮವಾರ, ಬುಧವಾರ, ಶುಕ್ರವಾರ ಸಾಮು ಎಂದು ಗೊತ್ತು ಮಾಡಿಕೊಳ್ಳಿರಿ. ಮಾಡಿದ ದಿನ ಗೋಡೆಯ ದಿನದರ್ಶಿಕೆಯಲ್ಲಿ ಗೆರೆ ಎಳೆಯಿರಿ. ಹೊಲದಲ್ಲಿ ಭಾರದ ಕೆಲಸವಿದ್ದ ದಿನ ಒಂದೇ ಸುತ್ತು ಮಾಡಿದರೂ ನಡೆಯುತ್ತದೆ, ರೂಢಿ ಕಡಿಯಬಾರದು. ಮನೆಯ ಹೆಣ್ಣುಮಕ್ಕಳನ್ನೂ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿರಿ.

ಊಟ ಮತ್ತು ಎಚ್ಚರಿಕೆ

ಖಂಡ ಬೆಳೆಯಲು ಪ್ರೋಟೀನು ಬೇಕು. ಜೋಳದ ರೊಟ್ಟಿಯೊಂದಿಗೆ ಬೇಳೆ, ಕಾಳುಪಲ್ಯ, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ ಇರಲಿ. ಸಕ್ಕರೆ ಕಾರಖಾನೆಯ ಪತ್ರಿಕೆಯಾದರೂ ನಿಜ ಹೇಳಬೇಕು: ಚಹಾಕ್ಕೆ ಹೆಚ್ಚು ಸಕ್ಕರೆ ಹಾಕಿದರೆ ಖಂಡ ಬೆಳೆಯದು.

ಭಾರ ಎತ್ತುವಾಗ ಉಸಿರು ಕಟ್ಟಬಾರದು. ಏಳುವಾಗ ಉಸಿರು ಬಿಡಬೇಕು. ರಕ್ತದೊತ್ತಡ, ಹೃದಯದ ಬೇನೆ, ಹರ್ನಿಯಾ ಇದ್ದವರೂ ಹೊಸದಾಗಿ ಶಸ್ತ್ರಚಿಕಿತ್ಸೆ ಆದವರೂ ಮೊದಲು ಡಾಕ್ಟರರನ್ನು ಕೇಳಿರಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ದವಾಖಾನೆಗೆ ಹೋಗಿರಿ. ಮರುದಿನ ಖಂಡ ಸ್ವಲ್ಪ ನೋಯುವುದು ಸಹಜ; ಕೀಲಿನಲ್ಲಿ ಚುಚ್ಚಿದಂತಾಗುವುದು ಸಹಜವಲ್ಲ.

ಮುಂದಿನ ಗೊಬ್ಬರದ ಕಂತಿಗೆ ಇನ್ನೂ ಎರಡು ತಿಂಗಳಿದ್ದರೆ, ಸಾಮು ಆರಂಭಿಸಲು ಅದೇ ತಕ್ಕ ಸಮಯ. ಚೀಲ ಬರುವ ಹೊತ್ತಿಗೆ ಬೆನ್ನು ಸಿದ್ಧವಾಗಿರುತ್ತದೆ. ಹಾಗಿದ್ದರೂ ಚೀಲವನ್ನು ಇಬ್ಬರು ಹಿಡಿದೇ ಎತ್ತಿರಿ.