ಮುತ್ತಜ್ಜಿಯ ತವರು ಯಾವೂರು?

ಹೋದ ವರ್ಷ ದೀಪಾವಳಿಯ ಹಿಂದಿನ ದಿನ ನ್ಯೂಜೆರ್ಸಿಯಿಂದ ತಮ್ಮನ ಮಗನ ಫೋನು ಬಂತು. ಅವನ ಆಫೀಸಿನ ಗೆಳೆಯನೊಬ್ಬ ಹಳೆಯ ಜನಗಣತಿಯ ಪಟ್ಟಿಗಳನ್ನು ಒಂದೊಂದಾಗಿ ತಿರುವುತ್ತಾ ಹಿಂದೆ ಹಿಂದೆ ಹೋಗಿ, ಅಮೆರಿಕದ ಮೊದಲ ಜನಗಣತಿಯಾದ 1790ರಲ್ಲಿ ತನ್ನ ಮೂಲಪುರುಷನ ಹೆಸರನ್ನು ಹಿಡಿದಿದ್ದನಂತೆ. "ಅತ್ತೆ, ನೀವು ಸೆನ್ಸಸ್ ಕೆಲಸ ಮಾಡಿದೋರಲ್ವಾ? ನಮ್ಮ ಮನೇದೂ ಹಂಗೇ ಸಿಗುತ್ತಾ?" ಎಂದು ಕೇಳಿದ.

"ಸಿಗಲ್ಲ ಕಣಪ್ಪ" ಅಂದೆ. ಫೋನು ಇಟ್ಟ ಮೇಲೆ ಮನಸ್ಸು ಕೇಳಲಿಲ್ಲ. ನಮ್ಮ ಅಪ್ಪನ ಅಜ್ಜಿಯ ತವರು ಯಾವೂರು? ಅರವತ್ತು ದಾಟಿದ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ.

ನಾನು ತಿ. ನರಸೀಪುರ ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟ್ರಮ್ಮನಾಗಿದ್ದವಳು. ತವರು ನಂಜನಗೂಡಿನ ಕಡೆ. 1991, 2001, 2011, ಮೂರು ಜನಗಣತಿಗೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಮನೆಮನೆ ಸುತ್ತಿದ್ದೇನೆ. 2011ರ ಫೆಬ್ರವರಿ 9ರಿಂದ 28ರವರೆಗೆ ಒಬ್ಬೊಬ್ಬರ ಬಗ್ಗೆ 29 ಪ್ರಶ್ನೆ ಕೇಳಿ ಬರೆದುಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಳೇ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. "ದೊಡ್ಡಜಾತ್ರೆ ದೇವರ ಹೆಸರು ಬರ್ಕೊಳವ್ವ" ಅನ್ನುವರು. ನಂಜುಂಡ ಎಂದು ನಾವೇ ತಿಳಿದುಕೊಳ್ಳಬೇಕು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಆ ತಾಯಂದಿರು ತಮ್ಮ ತವರೂರನ್ನು ಮಾತ್ರ ಕೇಳದೆಯೇ ಹೇಳುತ್ತಿದ್ದರು.

ಹಾಗೆ ಬರೆದ ಹಾಳೆಗಳನ್ನು ಯಾರ ಮೊಮ್ಮಕ್ಕಳೂ ನೋಡುವ ಹಾಗಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಅವು ಸಾರ್ವಜನಿಕರ ಪರಿಶೀಲನೆಗೆ ಸಿಗುವಂಥವಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಿಲ್ಲುವುದಿಲ್ಲ. ಜನ ಹೆದರದೆ ನಿಜ ಹೇಳಲಿ ಎಂದು ಮಾಡಿದ ಕಾನೂನು ಅದು. ನಾನು ಮನೆ ಬಾಗಿಲಲ್ಲಿ ನಿಂತು ಆ ಮಾತನ್ನೇ ಕೊಟ್ಟಿದ್ದೇನೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಪಟ್ಟಿಯನ್ನು ಹೆಸರು ಸಮೇತ ಎಲ್ಲರಿಗೂ ತೆರೆದಿಡುತ್ತಾರೆ. 1950ರದು 2022ರ ಏಪ್ರಿಲ್ 1ರಂದು ತೆರೆಯಿತು.

ಆದರೆ ಅಲ್ಲಿಯೂ ಎಲ್ಲರ ಹೆಸರು ಸಿಗುವುದಿಲ್ಲ. 1790ರಲ್ಲಿ ಬರೆದದ್ದು ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ತಲೆಲೆಕ್ಕ. ಹೆಂಡತಿ ಮಕ್ಕಳ ಹೆಸರು ಸೇರಿದ್ದು 1850ರಲ್ಲಿ. ಗುಲಾಮಗಿರಿಯಲ್ಲಿದ್ದ ಕರಿಯ ಜನರ ಹೆಸರುಗಳು ಪಟ್ಟಿಗೆ ಬಂದದ್ದು ಬಿಡುಗಡೆಯ ನಂತರದ 1870ರಲ್ಲಿ. ಅದಕ್ಕೂ ಹಿಂದಿನ ಎರಡು ಗಣತಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಗಂಡೋ ಹೆಣ್ಣೋ ಎಂಬುದಷ್ಟೇ ಇದೆ. ಅವರ ಮೊಮ್ಮಕ್ಕಳು ಇವತ್ತಿಗೂ 1870ರ ಗೋಡೆಗೆ ಬಂದು ನಿಲ್ಲುತ್ತಾರೆ. 1890ರ ಪಟ್ಟಿಗಳು 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಗೆ ಸಿಕ್ಕಿ ಹಾಳಾದವು, ಈಗ ಹೆಚ್ಚುಕಡಿಮೆ ಯಾವುದೂ ಉಳಿದಿಲ್ಲ.

ನಮ್ಮ ಸಂಸ್ಥಾನದ ಹಳೆಯ ಗಣತಿಯಲ್ಲಿ ಉಳಿದಿರುವುದು ಮೊತ್ತಗಳು. ಆ ಮೊತ್ತಗಳಲ್ಲೂ ಕಥೆಯಿದೆ. 1871ರಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷಕ್ಕೆ ಹೆಚ್ಚಬೇಕಾದ ಲೆಕ್ಕ 1881ರಲ್ಲಿ 41,86,188ಕ್ಕೆ ಇಳಿಯಿತು. ನಡುವೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಬರ. ನಮ್ಮ ರೆವಿನ್ಯೂ ಪುಸ್ತಕಗಳಲ್ಲಿ ಬೇಚರಾಕ್ ಗ್ರಾಮ ಎಂದು ಬರೆದಿರುವ ಊರುಗಳಿವೆ. ಗಡಿ ಇದೆ, ಸರ್ವೆ ನಂಬರು ಇದೆ, ಮನೆಯಿಲ್ಲ. ದೀಪವಿಲ್ಲದ್ದು ಎಂದು ಆ ಪಾರಸಿ ಮಾತಿನ ಅರ್ಥ. ಬರ, ಪ್ಲೇಗು, ಜ್ವರ, ಯಾವುದಕ್ಕೆ ಯಾವ ಊರಿನ ದೀಪ ಆರಿತೋ.

ಸಂವತ್ಸರದ ಲೆಕ್ಕ ಗೊತ್ತಿದ್ದರೆ ಮನೆಯ ಮಾತಿನಿಂದಲೇ ಇಸವಿ ತೆಗೆಯಬಹುದು. ಅರವತ್ತು ವರ್ಷಕ್ಕೊಮ್ಮೆ ಹೆಸರು ತಿರುಗಿ ಬರುತ್ತದೆ, ಅಷ್ಟನ್ನು ಕೂಡಿಸಿ ಕಳೆದು ನೋಡಬೇಕು. ಮುತ್ತಜ್ಜಿ ಈಶ್ವರ ಸಂವತ್ಸರದವಳು ಎಂಬ ಮಾತು ನಮ್ಮ ಮನೆಯಲ್ಲಿತ್ತು. 1937ರ ಈಶ್ವರದ ಹೊತ್ತಿಗೆ ಅವಳಿಗೆ ಮೊಮ್ಮಕ್ಕಳಿದ್ದರು. ಹಾಗಾಗಿ ಹುಟ್ಟಿದ್ದು 1877–78, ಬರದ ನಡುಮಧ್ಯದಲ್ಲಿ. ಮುತ್ತಾತ ಕಾಳಯುಕ್ತಿ ಜ್ವರದಲ್ಲಿ ಹೋದರು ಎನ್ನುತ್ತಿದ್ದರು. ಅದು 1918, ಜಗತ್ತನ್ನೆಲ್ಲ ನುಂಗಿದ ಇನ್‌ಫ್ಲುಯೆನ್ಜಾ.

ನಮ್ಮ ಸೀಮೆಯಲ್ಲಿ ಒಕ್ಕಲುಮಕ್ಕಳ ವಂಶ ಸಿಗುವುದು ಜಮೀನಿನ ಕಾಗದದಲ್ಲಿ. ಪಹಣಿ, ಮ್ಯುಟೇಷನ್ ರಿಜಿಸ್ಟರು, ಇಂಡೆಕ್ಸ್ ಆಫ್ ಲ್ಯಾಂಡ್ಸ್. ಇವುಗಳಲ್ಲಿ ಹೆಸರಿನ ಮುಂದೆ 'ಬಿನ್' ಎಂದು ಬರೆದು ತಂದೆಯ ಹೆಸರು ಹಾಕಿರುತ್ತಾರೆ. ಯಜಮಾನ ತೀರಿಕೊಂಡಾಗ ಪೌತಿ ಖಾತೆಗೆ ಅರ್ಜಿ ಹಾಕಿ, ವಂಶವೃಕ್ಷ ಬರೆಸಿ, ಮಕ್ಕಳ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ಈ ಕೊಂಡಿಗಳನ್ನು ಒಂದೊಂದೇ ಹಿಡಿದುಕೊಂಡು ಹೋದರೆ ನಾಲ್ಕೈದು ತಲೆ ದಾಟಬಹುದು. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲೆ ಈಚಿನ ಕೊಂಡಿಗಳಿಗೆ ಕಚೇರಿಗೂ ಅಲೆಯಬೇಕಿಲ್ಲ.

ಭೂಮಿಯೇ ಇಲ್ಲದವರ ಗತಿ? ನನ್ನನ್ನು ತುಂಬ ನೋಯಿಸಿದ ಪ್ರಶ್ನೆ ಇದು. ನನ್ನ ಜೊತೆ ಪಾಠ ಮಾಡಿದ ಗೆಳತಿಯೊಬ್ಬಳ ಮುತ್ತಾತ ಕೆರೆಯ ನೀರು ಬಿಡುವ ನೀರಗಂಟಿ. ಆ ಚಾಕರಿಗೆಂದು ಕೊಟ್ಟ ಇನಾಂ ತುಂಡೊಂದು ಇದ್ದುದರಿಂದ ಅವರ ಹೆಸರು ಪುಸ್ತಕದಲ್ಲಿ ಉಳಿಯಿತು. ತೋಟಿ, ತಳವಾರರ ಮನೆಗಳೂ ಹೀಗೇ. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯ್ದೆ ತೆಗೆದುಹಾಕಿದ ಮೇಲೆ ಆ ಜಮೀನುಗಳನ್ನು ಅವರಿಗೇ ಮರುಮಂಜೂರು ಮಾಡುವಾಗ ಬರೆದ ಕಡತಗಳು ಅವರ ಪಾಲಿನ ವಂಶಾವಳಿ. ಜೀತಕ್ಕಿದ್ದವರಿಗೆ, ಕೂಲಿಯವರಿಗೆ ಅದೂ ಇಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೊದಲು ಅಕ್ಷರ ಕಲಿತ ಮಗುವಿನ ಹೆಸರೇ ಅವರ ಮೊದಲ ಕಾಗದ. ಅದಕ್ಕೇ ಹಳೇ ಅಡ್ಮಿಷನ್ ರಿಜಿಸ್ಟರನ್ನು ರದ್ದಿಗೆ ಹಾಕುವ ಮಾತು ಬಂದಾಗೆಲ್ಲ ನಾನು ಜಗಳ ಆಡಿದ್ದೇನೆ.

ಹೆಣ್ಣುಮಕ್ಕಳಿಗೆ ಬರುತ್ತೇನೆ. ಗಂಡಸಿಗೆ 'ಬಿನ್' ಇದ್ದ ಹಾಗೆ ಹೆಂಗಸಿಗೆ 'ಕೋಂ'. ಇಂಥವರ ಹೆಂಡತಿ ಎಂದು ಅದರ ಅರ್ಥ. ಗಂಡನ ಹೆಸರು ಬರುತ್ತದೆ, ಅಪ್ಪನ ಹೆಸರು ಅಳಿಸಿಹೋಗುತ್ತದೆ, ತವರು ಅಲ್ಲಿಗೆ ಮುಗಿಯಿತು. ಸುಗ್ಗಿಯಾದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದ ಹೆಳವರು ನಮ್ಮ ಜಗಲಿಯಲ್ಲಿ ಕೂತು ಹತ್ತು ತಲೆಯ ಹೆಸರು ಒಪ್ಪಿಸಿ ಧಾನ್ಯ ತೆಗೆದುಕೊಂಡು ಹೋಗುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಅವರು ಹಾಡಿದ್ದೂ ಗಂಡಸರ ಹೆಸರುಗಳನ್ನೇ.

ಅಣ್ಣನ ಮನೆ ಅಟ್ಟದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅತ್ತಿಗೆ ಹಳೇ ಪಂಚಾಂಗಗಳಿವೆ ಎಂದುಕೊಂಡಿದ್ದರು. ಪಂಚಾಂಗಗಳ ಕೆಳಗೆ, ಬಿಳಿ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಮಡಿಕೆ ಮಾಡಿದ ಛಾಪಾ ಕಾಗದ. ಮಡಿಕೆ ಬಿಚ್ಚಿದರೆ ಮೂಲೆಗಳು ಹುಡಿಯಾಗಿ ಕೈಗೆ ಬಂದವು. 1921ರಲ್ಲಿ ಮುತ್ತಜ್ಜಿ ಬರೆದುಕೊಟ್ಟ ಭೋಗ್ಯಪತ್ರ ಅದು. ಸಾಲ ತೀರಿದ ಮೇಲೆ ವಾಪಸು ಬಂದಿರಬೇಕು, ಹಿಂಬದಿಯಲ್ಲಿ ಹಣ ಮುಟ್ಟಿದ ಬರಹವಿತ್ತು. ಅಕ್ಷರಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಂತೆ ಓಡುತ್ತವೆ. ಹಗಲು ಬೆಳಕಿನಲ್ಲಿ, ಗಟ್ಟಿಯಾಗಿ ಓದಿಕೊಂಡು, ಮೂರು ದಿನಕ್ಕೆ ಬಿಡಿಸಿದೆ. ನನ್ನ ತಂದೆಯವರು ಅರಿಶಿನ ಕುಂಕುಮಕ್ಕಾಗಿ ಕೊಟ್ಟು ನನ್ನ ಸ್ವಾಧೀನಾನುಭವದಲ್ಲಿರುವ ಒಂದು ಎಕರೆ ಹತ್ತು ಗುಂಟೆ ಖುಷ್ಕಿ ಎಂದಿತ್ತು. ತಂದೆಯ ಹೆಸರು ಇತ್ತು. ಊರಿನ ಹೆಸರು ಇತ್ತು, ತಿ. ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ದಡದ ಊರು. ನಾನು ಕೆಲಸ ಮಾಡಿದ ಶಾಲೆಯೊಂದರಿಂದ ಎರಡು ಮೈಲಿ. ಅಡಿಯಲ್ಲಿ ಬಿಕ್ಕಲಂ ಎಂದು ಬರೆದವರ ರುಜು, ಪಕ್ಕದಲ್ಲಿ ಮಸಿ ಕಂದಿದ ಹೆಬ್ಬೆಟ್ಟಿನ ಗುರುತು. ಗಂಡ ಸತ್ತು ಮೂರು ವರ್ಷಕ್ಕೆ ಮಗಳ ಮದುವೆಗೆಂದು ಹಾಕಿದ ಹೆಬ್ಬೆಟ್ಟು. ಅದರ ಮೇಲೆ ನನ್ನ ಬೆರಳು ಇಟ್ಟು ನೋಡಿದೆ. ನನ್ನದಕ್ಕಿಂತ ಚಿಕ್ಕದು.

ಇಂಥ ಪತ್ರದಲ್ಲಿ ವಂಶ ಹುಡುಕುವವರು ಬಿಡದೆ ಓದಬೇಕಾದದ್ದು ಚೆಕ್ಕುಬಂದಿ. ಜಮೀನಿನ ನಾಲ್ಕು ದಿಕ್ಕಿಗೆ ಯಾರು ಯಾರಿದ್ದಾರೆ ಎಂಬ ವಿವರ. ಹೊಲ ಪಾಲಾದಾಗ ಪಕ್ಕದವರು ಒಡಹುಟ್ಟಿದವರೇ ಆಗಿರುತ್ತಾರೆ. ಪಶ್ಚಿಮಕ್ಕೆ ಹೊಳೆ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ದೇವಸ್ಥಾನದ ಇನಾಂ, ಪೂರ್ವಕ್ಕೆ ಒಬ್ಬ ಗಂಡಸಿನ ಹೆಸರು, ಅದರ ಮುಂದೆ ಅದೇ ತಂದೆಯ 'ಬಿನ್'. ಮುತ್ತಜ್ಜಿಯ ಅಣ್ಣನೋ ತಮ್ಮನೋ ಇರಬೇಕು. ಅಮೆರಿಕದಲ್ಲೂ ಗಣತಿಯ ಪಟ್ಟಿಯಲ್ಲಿ ಆಚೀಚೆ ಮನೆಯವರನ್ನು ಹೀಗೇ ನೋಡುತ್ತಾರೆಂದು ತಮ್ಮನ ಮಗ ಹೇಳಿದ.

ಇವತ್ತಿನ ಪಹಣಿಯಿಂದ ಆ ಪೂರ್ವದ ಹೊಲವನ್ನು ಹಿಡಿದು ಹಿಂದಕ್ಕೆ ನಡೆದೆ. ಒಂದು ಕಚೇರಿಯಲ್ಲಿ ನಡುವಿನ ಹದಿನಾಲ್ಕು ವರ್ಷದ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಅಲ್ಲಿ ಕೈಹಿಡಿದದ್ದು ಹಿಂದೆ ಗ್ರಾಮ ಸಹಾಯಕರಾಗಿದ್ದ ಮುದುಕರೊಬ್ಬರ ನೆನಪು. ಆಗ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ನೆನಪಾದರು. ಇದೇ ತಾಲ್ಲೂಕಿನ ಕೊಡಗಹಳ್ಳಿಯಲ್ಲಿ 1948ರಲ್ಲಿ ಇದ್ದು ಅವರು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಊರನ್ನು ನೆನಪಿನಿಂದಲೇ ಮತ್ತೆ ಕಟ್ಟಿ, ರಾಮಪುರವೆಂದು ಕರೆದು, 1976ರಲ್ಲಿ ಪುಸ್ತಕ ತಂದರು. ಕಾಗದ ಹೋದ ಕಡೆ ನೆನಪನ್ನು ಕೇಳಬಹುದು, ಆದರೆ ಅದನ್ನು ಇನ್ನೊಂದು ಬಾಯಿಯಿಂದ ತಾಳೆ ನೋಡಲೇಬೇಕು. ಮುದುಕರು ಹೇಳಿದ ಎರಡು ಹೆಸರಿನಲ್ಲಿ ಒಂದು ತಪ್ಪಾಗಿತ್ತು. ಶಾಲೆಯ ರಿಜಿಸ್ಟರು ತಿದ್ದಿತು.

ಮಾಘದಲ್ಲಿ ಒಂದು ಬೆಳಿಗ್ಗೆ ಮುತ್ತಜ್ಜಿಯ ತವರೂರಿಗೆ ಹೋದೆ. ನಂಜನಗೂಡಿನಿಂದ ಹರಿದ ಕಪಿಲೆ ಕಾವೇರಿಗೆ ಸೇರುವ ಸಂಗಮ ದಾಟಿಕೊಂಡೇ ಹೋಗಬೇಕು. ಆ ಪೂರ್ವದ ಹೊಲದವರ ಮನೆಯಲ್ಲಿದ್ದ ಹಿರಿಯಮ್ಮನಿಗೆ ಪತ್ರದ ನಕಲು ಓದಿ ಹೇಳಿದೆ. ಅವರು ಈ ಮನೆಗೆ ಸೊಸೆಯಾಗಿ ಬಂದವರು. "ಕಪ್ನೀ ಹೊಳೆ ಆಚೆ ಒಂದು ಹೆಣ್ಣು ಕೊಟ್ಟಿದ್ರು, ಗಂಡ ಹೋದ್ಮೇಲೆ ಬರೋದು ನಿಂತೋಯ್ತು ಅಂತ ನಮ್ಮತ್ತೆ ಅನ್ನೋರು" ಎಂದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಚ್ಚುಬೆಲ್ಲ, ಎಲೆ ಅಡಿಕೆ ತಂದು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. "ಮನೆ ಹೆಣ್ಣುಮಗಳು ಬರಿಗೈಲಿ ಹೋಗಬಾರದು, ಸೆರಗು ಹಿಡಿಯವ್ವ" ಎಂದು ಮಡಿಲು ತುಂಬಿದರು.