ಭೂಖಂಡಗಳ ಚಲನೆ ಮತ್ತು ನಮ್ಮ ಘಟ್ಟದ ಅಂಚು

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆ ಅಥವಾ ರಸ್ತೆಯ ಸಲುವಾಗಿ ಗುಡ್ಡ ಕಡಿಯಲು ಅನುಮತಿ ಕೋರುವ ಸಾರ್ವಜನಿಕರು ಈ ನೆಲದ ಹಿನ್ನೆಲೆಯನ್ನು ಅರಿತಿರುವುದು ಸೂಕ್ತ.

ಒಂದಾಗಿದ್ದ ಭೂಖಂಡಗಳು ಕ್ರಮೇಣ ಸರಿದು ದೂರವಾದವು ಎಂಬ ಸಿದ್ಧಾಂತವನ್ನು ಜರ್ಮನಿಯ ಹವಾಮಾನ ತಜ್ಞ ಆಲ್ಫ್ರೆಡ್ ವೆಗೆನರ್ ಅವರು 1912ರಲ್ಲಿ ಮಂಡಿಸಿದರು. ಖಂಡಗಳನ್ನು ಸರಿಸುವ ಬಲ ಯಾವುದೆಂದು ತೃಪ್ತಿಕರವಾಗಿ ವಿವರಿಸಲಾಗದ ಕಾರಣ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ವೆಗೆನರ್ 1930ರಲ್ಲಿ ನಿಧನರಾದರು. ಸಾಗರತಳವು ವಿಸ್ತರಿಸುತ್ತಿರುವುದನ್ನು ಅಲ್ಲಿನ ಶಿಲೆಗಳ ಕಾಂತೀಯ ಪಟ್ಟಿಗಳು ತೋರಿಸಿಕೊಟ್ಟ 1960ರ ದಶಕದಲ್ಲಷ್ಟೇ ಈ ವಿಚಾರಕ್ಕೆ ಮನ್ನಣೆ ದೊರೆಯಿತು.

ಇದರ ಸಾಕ್ಷ್ಯ ನಮ್ಮ ಕರಾವಳಿಯಲ್ಲಿಯೇ ಇದೆ. ಮಲ್ಪೆ ಸಮೀಪದ ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಶಿಲೆಗಳು, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದಿಂದ ಮಡಗಾಸ್ಕರ್ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾದಿಂದ ಉಂಟಾದವು. ಹೆಚ್ಚುಕಡಿಮೆ ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲಿಯೂ ಇವೆ. ಹೀಗೆ ಒಡೆದ ಭೂಖಂಡದ ಅಂಚು ಕೋಟ್ಯಂತರ ವರ್ಷ ಸವೆದು ಹಿಂದೆ ಸರಿದುದರಿಂದ ದೇವಿಮನೆ, ಅರಬೈಲು ಘಟ್ಟಗಳ ಕಡಿದಾದ ಇಳಿಜಾರು ರೂಪುಗೊಂಡಿತೆಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ.

ಈ ಇಳಿಜಾರಿನ ಹಲವೆಡೆ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದ್ದು, ಭಾರಿ ಮಳೆಯಲ್ಲಿ ಅದು ಜಾರುವ ಸಂಭವವಿರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಹಾಳಾದವು. ಆದುದರಿಂದ ಸ್ಥಳದ ಇಳಿಜಾರನ್ನೂ ಮಳೆನೀರು ಹರಿಯುವ ದಾರಿಯನ್ನೂ ನಕ್ಷೆಯಲ್ಲಿ ಸ್ಪಷ್ಟವಾಗಿ ತೋರಿಸುವಂತೆ ಅರ್ಜಿದಾರರನ್ನು ಕೋರಲಾಗಿದೆ.