ಹಳೆಯ ಮೋಟಾರಿನ ರೋಗನಿದಾನ

ಯಂತ್ರಕ್ಕೆ ಬಾಯಿಲ್ಲವೆನ್ನುವುದುಂಟು. ಆದರೆ ಸವೆದ ಎಂಜಿನ್ನು ಸುಮ್ಮನಿರುವುದಿಲ್ಲ. ಬಡಿಯುತ್ತದೆ, ಹೊಗೆಯುಗುಳುತ್ತದೆ, ಏರು ಬಂದಾಗ ಏದುಸಿರು ಬಿಡುತ್ತದೆ. ಈ ಲಕ್ಷಣಗಳನ್ನು ಅರಿಯದೆ ಸ್ಪ್ಯಾನರು ಹಿಡಿಯುವವನು ನಾಡಿ ನೋಡದೆ ಮದ್ದು ಅರೆಯುವ ವೈದ್ಯನಂತೆ.

ಅಮೆರಿಕದ ಫೋರ್ಡ್ ಕಾರ್ಖಾನೆಯು 1927ರ ಕೊನೆಯಿಂದ 1931ರವರೆಗೆ ತಯಾರಿಸಿದ ‘ಮಾಡೆಲ್ ಎ’ ಗಾಡಿಯನ್ನೇ ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರು, 40 ಅಶ್ವಶಕ್ತಿ. ಇಂದಿಗೂ ಇದನ್ನು ಅಕ್ಕರೆಯಿಂದ ಓಡಿಸುವವರಿದ್ದಾರೆ.

ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಿರಿ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ. ಶಕ್ತಿ ಕುಂದಿದ್ದರೆ, ಎಂಜಿನ್ನು ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಒತ್ತಡಮಾಪಕವನ್ನಿಟ್ಟು, ಎಂಜಿನ್ನನ್ನು ತಿರುಗಿಸಿ ಅಂಕಿಗಳನ್ನು ಬರೆದುಕೊಳ್ಳಿರಿ. ಇಂದಿನ ಕಾರುಗಳಷ್ಟು ಒತ್ತಡ ಇದರಲ್ಲಿ ಬಾರದು. ನಾಲ್ಕರೊಳಗಿನ ವ್ಯತ್ಯಾಸವೇ ಮುಖ್ಯ. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ದಪ್ಪ ಎಣ್ಣೆ ಹಾಕಿ ಮತ್ತೆ ನೋಡಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗಾಗಲಿ ಸಿಲಿಂಡರಿನ ಗೋಡೆಯಾಗಲಿ ಸವೆದಿದೆ. ಆ ಸಂದನ್ನು ಎಣ್ಣೆ ತುಸುಹೊತ್ತು ಮುಚ್ಚಿತೆಂದು ಅರ್ಥ. ಏರದಿದ್ದರೆ ವಾಲ್ವುಗಳನ್ನು ಪರೀಕ್ಷಿಸಬೇಕು.

ಸಿಲಿಂಡರು ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಕಾವು ಹೆಚ್ಚಾಗಿ ಎಣ್ಣೆ ಕಡಿಮೆ ತಲಪುವ ಮೇಲ್ಭಾಗವೇ ಹೆಚ್ಚು ಅಗಲವಾಗುತ್ತದೆ. ಹೀಗೆ ಅಳತೆಗೆಟ್ಟುದಕ್ಕೆ ಹೊಸ ರಿಂಗು ಹಾಕಿ ಫಲವಿಲ್ಲ. ಬೋರ್ ಮಾಡಿಸಿ ದೊಡ್ಡ ಪಿಸ್ಟನ್ನನ್ನೇ ಕೂರಿಸಬೇಕು.

ಇನ್ನು ಬಡಿತ. ಈ ಗಾಡಿಯಲ್ಲಿ ಪ್ಲಗ್ಗಿಗೆ ವಿದ್ಯುತ್ತು ಬರುವುದು ಬರಿಯ ಹಿತ್ತಾಳೆಯ ಪಟ್ಟಿಯಿಂದ. ಒಣಗಿದ ಮರದ ಹಿಡಿಯುಳ್ಳ ತಿರುಪುಳಿಯನ್ನು ಮೊದಲು ಸಿಲಿಂಡರ್ ಹೆಡ್ಡಿಗೂ ಆಮೇಲೆ ಪ್ಲಗ್ಗಿನ ತಲೆಗೂ ತಾಗಿಸಿದರೆ ಅಲ್ಲಿಯ ಕಿಡಿ ನಿಲ್ಲುತ್ತದೆ; ಲೋಹವನ್ನು ಮಾತ್ರ ಕೈ ಮುಟ್ಟಕೂಡದು. ಒಡನೆಯೇ ಬಡಿತ ತಗ್ಗಿದರೆ ಆ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಮೊದಲು ಶಂಕಿಸಿರಿ.

ಈ ಬೇರಿಂಗು ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ಎರೆದದ್ದು. ತವರವೇ ಅದರಲ್ಲಿ ಪ್ರಧಾನ. ತಾನು ಸವೆದು ಉಕ್ಕಿನ ಕ್ರ್ಯಾಂಕ್ ಶಾಫ್ಟನ್ನು ಉಳಿಸುವುದೇ ಅದರ ಧರ್ಮ. ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಸುಮಾರು ಒಂದೂವರೆ ಪಾಲಿನಷ್ಟು ಮಾತ್ರ ಸಂದಿರಬೇಕು. ಸ್ವಲ್ಪ ಸಡಿಲವಾಗಿದ್ದರೆ ಮುಚ್ಚಳದ ನಡುವಿನ ಷಿಮ್ ಎಂಬ ತೆಳುತಗಡಿನ ಪದರವನ್ನು ತೆಗೆದು ಬಿಗಿಮಾಡಬಹುದು. ಬ್ಯಾಬಿಟ್ ಬಿರಿದಿದ್ದರೆ ಹೊಸದಾಗಿ ಎರೆಯಿಸಬೇಕು. ಶಾಫ್ಟು ದುಂಡುಗೆಟ್ಟಿದ್ದರೆ ಮೊದಲು ಅದನ್ನು ಸಾಣೆ ಹಿಡಿಸಬೇಕು.

ಬಡಿತವನ್ನು ಅಲಕ್ಷಿಸಿದಿರೋ, ರಾಡು ಮುರಿದು ಎಂಜಿನ್ನಿನ ಒಡಲನ್ನೇ ಸೀಳೀತು. ಆ ಒಡಲ ಮೇಲೆ ಕಾರ್ಖಾನೆ ಒತ್ತಿದ ಸಂಖ್ಯೆಯಿದೆ. ಅದೇ ಸಂಖ್ಯೆ ಗಾಡಿಯ ಚೌಕಟ್ಟಿನ ಮೇಲೂ ಇದೆ. ಎಂಜಿನ್ನು ಹೋಯಿತೆಂದರೆ ಈ ಜೋಡಿ ಅಗಲಿದಂತೆ. ಮತ್ತೆ ಕೂಡಿಸಲು ಹಣದಿಂದಾಗದು. ಆದಕಾರಣ ಓಲೆಗರಿಯನ್ನು ಪರಿಷ್ಕರಿಸುವವನ ಎಚ್ಚರ ಇಲ್ಲಿಯೂ ಬೇಕು: ಕೆಟ್ಟ ಅಕ್ಷರವನ್ನು ತಿದ್ದಿ, ನೆಟ್ಟಗಿರುವುದನ್ನು ಮುಟ್ಟದಿರಬೇಕು. ಮೊದಲು ಕೇಳಿರಿ, ಅಳೆಯಿರಿ, ಬರೆದಿಡಿರಿ, ಬಿಚ್ಚುವುದು ಆಮೇಲೆ.